ಬಲಗಿವಿಗೆ ಕೇಳುವಂಥದ್ದು

ತಪಕೀರ ಗಲ್ಲಿಯ ಎರಡನೇ ಮಹಡಿಯಲ್ಲಿ
ಹಳೆಯ ಪೇಪರು ಹಾಸಿ
ಪೇಂಡ್ಸೆ ಮೂರು ಎಂಜಿನ್ನು ತೆಗೆದಿಟ್ಟ.
"ನೋಡಿ ಹಳ್ಳೂರಕರ್."
ನಾನು ಬರೇ ಹಳ್ಳೂರ. ಇಪ್ಪತ್ತು ವರ್ಷದಿಂದ
ಆ ಬಾಲವನ್ನು ಅವನೂ ಕತ್ತರಿಸಿಲ್ಲ, ನಾನೂ.

ಮೊದಲನೆಯದು ಬ್ಯಾಟರಿಯದು,
ಸುಣ್ಣದ ಡಬ್ಬಿಯಷ್ಟು.
ಅಂಗಡಿಯ ಹುಡುಗ ತನ್ಮಯ ವೈರು ಸಿಕ್ಕಿಸಿ ತಿರುಗಿಸಿದ.
ಎಣ್ಣೆ ಇಲ್ಲ ಕಾಕಾ, ಹೊಗೆ ಇಲ್ಲ,
ಒರೆಸೋ ಕೆಲಸ ಇಲ್ಲ, ಸಪ್ಪಳಾನೂ ಇಲ್ಲ.
ಇರಬೇಕು.
ಗಾಳಿ ಬಂತು, ಪೇಪರು ಎದ್ದಿತು,
ಮಿಕ್ಕಿದ್ದೆಲ್ಲ ಅವನ ತುಟಿಯ ಮೇಲೆ ಓದಿಕೊಂಡೆ.

ಎರಡನೆಯದು ನಲವತ್ತಾರರ ಟೂ-ಸ್ಟ್ರೋಕ್.
ಹಗುರ, ಅಗ್ಗ, ನಮ್ಮ ಕ್ಲಬ್ಬಿನಲ್ಲಿ ಎಲ್ಲರದೂ ಅದೇ.
ಮೋಶಿಯಾಚೆಯ ಕಲ್ಲುಬಯಲಿನಲ್ಲಿ ಭಾನುವಾರ ಭಾನುವಾರ
ಕಿರುಚುತ್ತ ಏರುತ್ತದೆ ಅನ್ನುತ್ತಾರೆ.
ಏರುವುದು ನನಗೆ ಕಾಣುತ್ತದೆ.
ಕಿರುಚುವುದರ ಮೇಲಿನ ತುದಿಯನ್ನು
ಭೋಸರಿಯ ಶೆಡ್ಡಿನಲ್ಲಿ ಬಿಟ್ಟುಬಂದಿದ್ದೇನೆ.
ಮೂವತ್ತೊಂದು ವರ್ಷ ಕ್ರ್ಯಾಂಕ್ ಪಿನ್ನು ಗ್ರೈಂಡು ಮಾಡಿದೆ,
ಬೆನ್ನ ಹಿಂದೆ ಪ್ರೆಸ್ಸು ಬಡಿಯುತ್ತಿತ್ತು,
ಕಿವಿಗೆ ಹತ್ತಿ ಇಟ್ಟುಕೊಂಡವರನ್ನು ನೋಡಿ ನಗುತ್ತಿದ್ದೆವು.

ಎಡಗಿವಿ ಪೂರ್ತಿ ಹೋಯಿತು.
ಬಲಗಿವಿ ಹಕ್ಕಿಗಳನ್ನು ಕಳಕೊಂಡಿದೆ, ಕುಕ್ಕರಿನ ಸೀಟಿಯನ್ನು,
ಫೋನಿನಲ್ಲಿ ಮೊಮ್ಮಗಳನ್ನು.
ಗುಡುಗು ಉಳಿಸಿಕೊಂಡಿದೆ. ಲಾರಿ. ರಾತ್ರಿಯ ಗೂಡ್ಸು.
ಹೆಂಡತಿ ರೊಟ್ಟಿ ಬಡಿಯುವುದು.

ಹೋದ ದೀಪಾವಳಿಗೆ ನನ್ನ ಹಳದಿ ವಿಮಾನ ಬಿತ್ತು.
ಎಂಜಿನ್ನು ಮೇಲೇ ನಿಂತಿತ್ತಂತೆ.
ಬಯಲಿನಲ್ಲಿದ್ದವರಿಗೆಲ್ಲ ಕೇಳಿಸಿತು,
ಅಂದರೆ, ಕೇಳಿಸದೆ ಹೋದದ್ದು ಕೇಳಿಸಿತು.
ನಾನೊಬ್ಬ ಮೂತಿ ಎತ್ತುತ್ತಲೇ ಇದ್ದೆ,
ರೆಕ್ಕೆಗೆ ಗಾಳಿ ಸಾಲದೆ ಹೋಗುವ ತನಕ.

ಮೂರನೆಯದು ಎಪ್ಪತ್ತರ ಫೋರ್-ಸ್ಟ್ರೋಕ್, ಸೆಕೆಂಡ್ ಹ್ಯಾಂಡು.
ಖಡಕಿಯ ಯಾರದೋ.
ಶಾಫ್ಟು ಹಿಡಿದು ಅಲುಗಿಸಿದೆ.
ಮುಂದಿನ ಬೇರಿಂಗಿನಲ್ಲಿ ಒಂದು ಮರಳಕಾಳು.
ಇದು ಕಿವಿಯ ಕೆಲಸವಲ್ಲ, ಉಗುರಿನ ಬುಡದ್ದು;
ಅಲ್ಲಿ ನಾನಿನ್ನೂ ಕಿವುಡನಾಗಿಲ್ಲ.
ಬೇರಿಂಗು ಹಾಕಿಕೊಂಡರಾಯಿತು, ನೂರಾ ಎಂಬತ್ತು ರೂಪಾಯಿ.
ಹೆಬ್ಬೆರಳಿನಿಂದ ಪ್ರೊಪೆಲ್ಲರು ತಿರುವಿದೆ.
ಕಂಪ್ರೆಶನ್ನು ಮೊಂಡ ಕರುವಿನ ಹಾಗೆ
ಎದುರು ತಳ್ಳಿತು.

ನೂರಿಪ್ಪತ್ತು ಗ್ರಾಂ ಹೆಚ್ಚು ಕಾಕಾ, ಮೂತಿ ಭಾರ ಆಗತ್ತೆ.
ಬ್ಯಾಟರಿ ಹಿಂದಕ್ಕೆ ಸರಿಸ್ತೀನಿ.
ಆದರೂ ತೂಗಲ್ಲ.
ಬಾಲಕ್ಕೆ ಸೀಸ ಅಂಟಿಸ್ತೀನಿ.
ಭಾರಕ್ಕೆ ಭಾರ ಕಟ್ಟಿ ಹಾರಿಸ್ತೀರಾ?
ಹೌದಪ್ಪ, ಹಾಗೇ.

ಪೇಂಡ್ಸೆ ಗಚ್ಚಿಯ ಮೇಲೆ ಅದನ್ನು ಹಲಗೆಗೆ ಬಿಗಿದ,
ಪ್ಲಗ್ಗು ಕಾಯಿಸಿದ, ಬೆರಳು ಕೊಟ್ಟ.
ಎರಡು ಸಲ ಕೆಮ್ಮಿತು. ಮೂರನೆಯದಕ್ಕೆ
ದಬ್ ದಬ್ ದಬ್
ಗೋಡೆಯಾಚೆ ಯಾರೋ ರೊಟ್ಟಿ ಬಡಿಯತೊಡಗಿದರು.
ಎದುರಿನ ಮಾಡಿನ ಪಾರಿವಾಳಗಳು ಎದ್ದವು.
ವೇಗ ಏರಿದಂತೆ ರೊಟ್ಟಿಗಳು ಒಂದಕ್ಕೊಂದು ಕೂಡಿಕೊಂಡವು,
ಕೂಡಿಕೊಂಡೂ ಬಲಗಿವಿಯ ಬಾಗಿಲಲ್ಲೇ ನಿಂತಿದ್ದವು.
ಆಮೇಲೆ ಅವನು ಹೇಳದೆ ಕೇಳದೆ
ಪೆಟ್ರೋಲಿನ ನಳಿಗೆ ಹಿಸುಕಿಬಿಟ್ಟ.
ಪೆಟ್ರೋಲಲ್ಲ ಅದು, ಬಾಯಿರೂಢಿ.
ನಾನು ಬೇರೆಲ್ಲೋ ನೋಡುತ್ತಿದ್ದೆ.

ನಿಂತದ್ದು ಕೇಳಿಸಿತು.

ರೇಟನ್ನು ಪೇಪರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ.
ನಾನು ಹೊಡೆದುಹಾಕಿ ಬರೆದೆ. ಅವನು ಹೊಡೆದುಹಾಕಿದ.
ಆರು ಸಲ ಬರೆದಾದ ಮೇಲೆ ಅದೇ ಪೇಪರಿನಲ್ಲಿ ಕಟ್ಟಿಕೊಟ್ಟ.

ಮನಪಾದಿಂದ ಭೋಸರಿಯ ಬಸ್ಸು,
ತೊಡೆಯ ಮೇಲೆ ಊಟದ ಡಬ್ಬಿ, ಡಬ್ಬಿಯಲ್ಲಿ ಎಂಜಿನ್ನು,
ಇನ್ನೂ ಬೆಚ್ಚಗಿತ್ತು. ಸುಟ್ಟ ಹರಳೆಣ್ಣೆಯ ವಾಸನೆ
ಮುಚ್ಚಳದ ಸಂದಿನಿಂದ ಬಸ್ಸಿಗೆಲ್ಲ ಹಬ್ಬಿತು.
ಚಿಕ್ಕಂದಿನಲ್ಲಿ ನೆತ್ತಿಗೆ ತಟ್ಟುತ್ತಿದ್ದದ್ದು ಇದೇ,
ಆಗ ಕಣ್ಣೊಳಗೆ ಇಳಿಯುತ್ತಿತ್ತು.

ಪಕ್ಕದಲ್ಲೊಬ್ಬಳು ಮುದುಕಿ, ದಪ್ಪ ದನಿಯವಳು,
ಪುಣ್ಯಕ್ಕೆ ಬಲಗಡೆ ಕೂತಿದ್ದಳು.
ಮೂಗರಳಿಸಿ ಮರಾಠಿಯಲ್ಲಿ ಕೇಳಿದಳು:
ಎರಂಡೇಲಾ? ಮನೆಯಲ್ಲಿ ಕೂಸು ಹುಟ್ಟಿದೆಯಾ?

ಹೌದಂದೆ.

ಅಳು ಜೋರಾ?

ನನಗೆ ಕೇಳಿಸುವಷ್ಟು, ಅಂದೆ.